ಕಾಕಂಬಿ ಕುಡಿದ ಇದ್ದಿಲು

ಶಿರಗುಪ್ಪಿಯ ಜೈನರ ಓಣಿಯಲ್ಲಿ ಕಾಫಿ ಕುಡಿಯುವ ಒಂದು ನರಪಿಳ್ಳೆಯೂ ಇಲ್ಲ. ಅಂಥಲ್ಲಿ ಭೀಮಗೊಂಡ ಕಾಫಿ ಚರಟದಿಂದ ಉರುವಲು ಮಾಡಲು ಹೊರಟ. ಕೊಲ್ಹಾಪುರದ ಒಂದು ಶಿಬಿರದಲ್ಲಿ ಹತ್ತಿದ ಗೀಳು. ಬೆಳಗಾವಿಯ ಹೋಟೆಲುಗಳ ಹಿಂಬಾಗಿಲು ತಟ್ಟಿ ಚೀಲಗಟ್ಟಲೆ ಚರಟ ತಂದು, ಇದ್ದಿಲ ಪುಡಿ ಬೆರೆಸಿದ. ಅಂಟಿಗೆ ಗಂಜಿ ಹಾಕಿ ಎಂದು ಶಿಬಿರದವರು ಅಂದಿದ್ದರಂತೆ. ಕಬ್ಬಿನ ಸೀಮೆಯ ಜಾಣನಿಗೆ ಗಂಜಿ ಯಾಕೆ? ಸಕ್ಕರೆ ಕಾರ್ಖಾನೆಯ ಸಿಹಿ ಅಂಟು ಕಾಕಂಬಿಯನ್ನೇ ಸುರಿದು ಉಂಡೆ ಕಟ್ಟಿದ.

ಹೆಂಡತಿ ಕಮಲಾಬಾಯಿಗೆ ಈ ಜಾಣತನ ಹೊಸದಲ್ಲ. ಹೋದ ವರ್ಷ ಸೋಲಾರ್ ಪೆಟ್ಟಿಗೆ ತಂದು, ಊರನ್ನೆಲ್ಲ ಕರೆದು, ಹಸಿಬೇಳೆ ಬಡಿಸಿದ ಮಹಾನುಭಾವ ಅವನು. ಆಗ ನಕ್ಕು ಸುಮ್ಮನಾಗಿದ್ದಳು.

ಈ ಸಲ ಹಾಗಾಗಲಿಲ್ಲ. ಊರಿಗೆ ಬಂದಿದ್ದ ಮುನಿ ಮಹಾರಾಜರು ಮಾರನೆಯ ದಿನ ಆಹಾರ ಮುಗಿಸಿ ಹೊರಡುವವರಿದ್ದರು. ದಿನಕ್ಕೊಮ್ಮೆ ಮಾತ್ರ ಉಣ್ಣುವ ಅವರು ತನ್ನ ಮನೆಯಲ್ಲೊಮ್ಮೆ ಆಹಾರ ಸ್ವೀಕರಿಸಬೇಕೆಂಬುದು ಅವಳ ಬಹುಕಾಲದ ಆಸೆ. ಅವರಿಗೆ ಗ್ಯಾಸಿನ ಅಡುಗೆ ನಡೆಯದು. ಭೀಮಗೊಂಡ ಮಾತ್ರ ಕಟ್ಟಿಗೆಯನ್ನೆಲ್ಲ ತೋಟಕ್ಕೆ ಸಾಗಿಸಿಬಿಟ್ಟಿದ್ದ. ತನ್ನ ಉಂಡೆಯ ಮೇಲೆಯೇ ಅಡುಗೆಯಾಗಬೇಕು, ಫೋಟೋ ವಾಟ್ಸಾಪಿಗೆ ಹೋಗಬೇಕು.

ಒಲೆಗಿಡುವ ಮೊದಲು ಪ್ರತಿ ಕಟ್ಟಿಗೆಯನ್ನೂ ನೆಲಕ್ಕೆ ಕುಟ್ಟಿ ಹುಳವಿಲ್ಲವೆಂದು ನೋಡುವುದು ಆ ಮನೆಯ ರೂಢಿ. ಬೆಳಿಗ್ಗೆ ಅವಳು ಉಂಡೆಯನ್ನೂ ಕುಟ್ಟಿದಳು. ಅದರೊಳಗಿಂದ ಇರುವೆ ಹರಿದವು. ಇನ್ನೊಂದನ್ನು ಕುಟ್ಟಿದಳು, ಅದರಲ್ಲೂ ಇರುವೆ. ಕಾಕಂಬಿಯ ಸಿಹಿ ವಾಸನೆ ಹಿಡಿದು ಇಡೀ ಚೀಲಕ್ಕೇ ಮುತ್ತಿದ್ದವು.

“ಕಾಫಿ ವಾಸನಿಗೆ ಇರುವಿ ಬರೂದಿಲ್ಲಂತ ಶಿಬಿರದಾಗ ಹೇಳಿದ್ರು,” ಎಂದ ಭೀಮಗೊಂಡ, ಮೈಮೇಲಿನ ಇರುವೆ ಕೊಡವುತ್ತ. ಆಮೇಲೆ ನಾಲ್ಕು ಇರುವೆ ಯಾರು ನೋಡುತ್ತಾರೆ, ಒಲೆ ಹಚ್ಚು ಎಂದು ಅವಸರಿಸಿದ.

ಅವಳ ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ಕಳಶ ಹಿಡಿದು, ಆಹಾರ ಜಲ ಶುದ್ಧವಾಗಿವೆ ಎಂದು ಮುನಿಗಳನ್ನು ಕರೆಯಬೇಕಾದವಳು ಅವಳು. ಜೀವ ಸುಟ್ಟು ಅನ್ನ ಬೇಯಿಸಿ, ಆ ಮಾತನ್ನು ಯಾವ ನಾಲಿಗೆಯಿಂದ ಆಡುವುದು?

ಮಹಾರಾಜರು ಓಣಿಗೆ ಬಂದರು. ಎದುರುಮನೆಯ ತ್ರಿಶಲಾ ಕಳಶ ಹಿಡಿದು ಕರೆದಳು. ಕಮಲಾಬಾಯಿ ಬರಿಗೈ ಮುಗಿದು ನಿಂತಳು. ಅವರು ಎದುರುಮನೆ ಹೊಕ್ಕಾಗ ಒಳಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು.

ಅಂದು ಮನೆಯಲ್ಲಿ ಅಡುಗೆಯೇ ಆಗಲಿಲ್ಲ. ಸಂಜೆಗೆ ಭೀಮಗೊಂಡನ ಹೊಟ್ಟೆ ಚುರುಗುಟ್ಟಿತು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಗ್ಯಾಸ್ ಮೇಲಾದರೂ ಏನಾದರೂ ಮಾಡು ಎಂದ. ಅವಳು ಮೆತ್ತನೆಯ ಕುಂಚವೊಂದನ್ನು ತಂದು ಅವನ ಕೈಗಿಟ್ಟಳು.

“ಇರುವಿ ಒಂದೊಂದ ಬಿಡಿಸಿ ಹಿತ್ತಲಕ ಬಿಟ್ಟ ಬರ್ರಿ. ನಿಮ್ಮ ಇದ್ದಲಿ ಮ್ಯಾಲ ಅಡಗಿ ಮಾಡ್ತೀನಿ.”

ಭೀಮಗೊಂಡ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತ. ಮೊದಲನೆಯ ಉಂಡೆಯ ಇರುವೆ ತೀರುವ ಮೊದಲೇ ಹೊತ್ತು ಮುಳುಗಿತು.