ಹಳೇ ಪಾರ್ಟ್ ತಂದು ತೋರಿಸಿ

ನನ್ನ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಸಾಲು ಬರೆಸಿದ್ದೇನೆ. ಹಳೇ ಪಾರ್ಟ್ ತಂದು ತೋರಿಸಿ. ಬಡಿದು ಕೂಡಿಸಿದ ಮಾಲು ವಾಪಸ್ ಇಲ್ಲ. ಸಿಂಧನೂರಿನಲ್ಲಿ ಇಪ್ಪತ್ತಾರು ವರ್ಷದಿಂದ ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ ಮಾರುತ್ತಿರುವ ಮರಿಸ್ವಾಮಿ ಎಂಬ ನಾನು ಕಲಿತ ವಿದ್ಯೆಯೆಲ್ಲ ಈ ಎರಡು ಸಾಲಿನಲ್ಲಿ ಮುಗಿಯಿತು. ಗೊರೇಬಾಳದಿಂದ ಚೀಟಿ ಹಿಡಿದು ಬಂದವನು ತಪ್ಪು ಬೇರಿಂಗ್ ಒಯ್ದು ಮರುದಿನ ಜಗಳಕ್ಕೆ ಬರುತ್ತಾನೆ. ಸವೆದ ಬೇರಿಂಗನ್ನೇ ಗ್ರೀಸು ಸಮೇತ ಚೀಲಕ್ಕೆ ಹಾಕಿಕೊಂಡು ಬಂದವನಿಗೆ ಆ ತಾಪತ್ರಯವಿಲ್ಲ. ಇನ್ನು ಕೆಲವರಿದ್ದಾರೆ. ಸುತ್ತಿಗೆಯಿಂದ ಬಡಿದು ಸೀಳಿಸಿ, “ಡಬ್ಬಿಯೊಳಗ ಹಿಂಗ ಇತ್ರಿ” ಎಂದು ಎಲ್ಲೋ ನೋಡುತ್ತ ಹೇಳುತ್ತಾರೆ. ಅಂಥವರಿಗೆ ನಾಲ್ಕು ಜನರ ಎದುರಿಗೇ ನೀರಿಳಿಸಿ ಕಳಿಸುವುದು ನನ್ನ ರೂಢಿ.

ನನ್ನ ಮಗಳು ಅಶ್ವಿನಿ ಡಿಗ್ರಿ ಎರಡನೇ ವರ್ಷ. ಮಸ್ಕಿಯ ಒಂದು ಫ್ಲೆಕ್ಸ್ ಅಂಗಡಿಗೆ ಮನೆಯಿಂದಲೇ ಮೊಬೈಲಿನಲ್ಲಿ ಬ್ಯಾನರ್ ತಯಾರಿಸಿ ಕಳಿಸುತ್ತಾಳೆ. ಊರಿನ ಅರ್ಧ ಹುಟ್ಟುಹಬ್ಬಗಳ ಮೀಸೆ ಆಕೆ ತಿದ್ದಿದ್ದೇ. ಆ ಸಂಪಾದನೆಗೆ ನಾನೂ ಒಂದಿಷ್ಟು ಸೇರಿಸಿದರೆ ಒಂದು ಕಂಪ್ಯೂಟರ್ ಮಾಡಿಕೊಳ್ಳುತ್ತೇನೆ ಎಂದಳು. ಕೊಳ್ಳುತ್ತೇನೆ ಅನ್ನಲಿಲ್ಲ, ಒಂದೊಂದೇ ಪಾರ್ಟ್ ಆರಿಸಿ ತಾನೇ ಜೋಡಿಸುತ್ತಾಳಂತೆ. ನನ್ನ ಹೆಂಡತಿ ಕಲ್ಯಾಣಮ್ಮ, “ಓದಾಕೇನು?” ಎಂದು ಕೇಳಿದಳು.

“ಓದಾಕಲ್ಲವ್ವಾ, ಆಟ ಆಡಾಕ,” ಎಂದಳು ಅಶ್ವಿನಿ.

ಯಾವ ಮಕ್ಕಳಾದರೂ ಓದಲಿಕ್ಕೆ ಎಂದೇ ಹೇಳುತ್ತಿದ್ದರು. ಈಕೆ ಮುಖ ಎತ್ತಿ ಇದ್ದದ್ದು ಇದ್ದ ಹಾಗೆ ಹೇಳಿದಳು ನೋಡಿ, ಅದೊಂದೇ ಕಾರಣಕ್ಕೆ ನಾನು ಹೂಂ ಎಂದೆ. ಕಲ್ಯಾಣಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ಆರು ತಿಂಗಳು ಆಕೆ ಪಾರ್ಟುಗಳ ಪಟ್ಟಿ ಮಾಡುತ್ತ ಕೂತಳು. ಬರೆಯುವುದು, ಹೊಡೆದುಹಾಕುವುದು. ಈ ಪ್ರೊಸೆಸರಿಗೆ ಈ ಬೋರ್ಡು ಕೂಡುವುದಿಲ್ಲ, ಈ ಗ್ರಾಫಿಕ್ಸ್ ಕಾರ್ಡು ಆ ಕಂಪ್ಯೂಟರ್ ಡಬ್ಬಿಯಲ್ಲಿ ಹಿಡಿಸುವುದಿಲ್ಲ. ನಮ್ಮಲ್ಲಿ ಗದ್ದೆಗೆ ನೀರು ಬಿಡುವ ಹೊತ್ತಿಗೆ ಕರೆಂಟು ಏರಿಳಿಯುತ್ತದೆಂದು ಪವರ್ ಸಪ್ಲೈ ಮಾತ್ರ ಗಟ್ಟಿಯಾದದ್ದೇ ಬೇಕು ಎಂದು, ಅದಕ್ಕಾಗಿ ಬಣ್ಣದ ದೀಪದ ಫ್ಯಾನುಗಳನ್ನು ಬಿಟ್ಟುಕೊಟ್ಟಳು. ಆ ದಿನ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳಿದೆ.

ಲಿಂಗಸುಗೂರಿನ ಶಕೀಲನ ಅಂಗಡಿಯಿಂದ ಎಲ್ಲ ಬಂತು, ರ‍್ಯಾಮ್ ಒಂದು ಬಿಟ್ಟು. ಬೆರಳುದ್ದದ ಎರಡು ಪಟ್ಟಿ, ಬೋರ್ಡಿನ ಸಂದಿಯಲ್ಲಿ ನಿಲ್ಲಿಸುವಂಥವು. ಅವನ ಹತ್ತಿರ ಅವು ಮುಗಿದಿದ್ದವು. ಮುಂದಿನ ವಾರ ನಾನು ನನ್ನ ಮಾಲಿಗೆಂದು ಲಿಂಗಸುಗೂರಿಗೆ ಹೊರಟಾಗ ಅಶ್ವಿನಿ ಚೀಟಿ ಕೊಟ್ಟಳು.

“ಅಪ್ಪಾ, ಇದರಾಗ ಬರದದ್ದು ತಗೊಂಬಾ. ಬ್ಯಾರೇದು ಬ್ಯಾಡ.”

ಚೀಟಿಯನ್ನು ಜೇಬಿಗೆ ಹಾಕಿಕೊಂಡೆ, ನಂಬಲಿಲ್ಲ. ಅಂಗಡಿಯಲ್ಲಿ ಬಿಲ್ಲು ಮಾಡುವ ಹಳೇ ಕಂಪ್ಯೂಟರ್ ಇತ್ತು. ಅದರ ಹೊಟ್ಟೆ ಬಿಚ್ಚಿ ಅಂಥದೇ ಒಂದು ಪಟ್ಟಿ ಕಿತ್ತು, ಬಟ್ಟೆಯಲ್ಲಿ ಸುತ್ತಿಕೊಂಡು ಒಯ್ದೆ. ಶಕೀಲನ ಅಂಗಡಿಗೂ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಮಾಡುವವನೊಬ್ಬನಿಗೆ ತೋರಿಸಿ, ಅಂಥವೇ ಎರಡು ಹೊಸವು ತಂದೆ. ಅಗ್ಗಕ್ಕೂ ಸಿಕ್ಕವು. ಬಸ್ಸಿನಲ್ಲಿ ಕೂತು ಮೀಸೆ ತಿರುವಿದೆ.

ಮನೆಗೆ ಬಂದಾಗ ಅಶ್ವಿನಿ ಕಾಲೇಜಿನಲ್ಲಿದ್ದಳು. ಬರುವಷ್ಟರಲ್ಲಿ ಕೂಡಿಸಿಟ್ಟು ಮಗಳನ್ನು ಚಕಿತಗೊಳಿಸೋಣ ಎಂದು ಕೂತೆ. ಪಟ್ಟಿಯ ಒಂದು ತುದಿ ಒಳಗಿಳಿಯಿತು, ಇನ್ನೊಂದು ಇಳಿಯಲಿಲ್ಲ. ಹೊಸ ಮಾಲು ಬಿಗಿ ಇರುತ್ತದೆ ಅಂದುಕೊಂಡೆ. ಹೆಬ್ಬೆರಳಿನಿಂದ ಒತ್ತಿದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಒಂದೇ ಒಂದು ಏಟು. ಬೋರ್ಡಿನ ಸಂದಿ ಉದ್ದಕ್ಕೆ ಸೀಳಿತು.

ಪಟ್ಟಿಗಳನ್ನು ಅಂಗಡಿಗೆ ಒಯ್ದು ಬೇರಿಂಗಿನ ಖಾನೆಯಲ್ಲಿ ಬಚ್ಚಿಟ್ಟೆ. ಸಂಜೆ ಆಕೆಗೆ, “ರ‍್ಯಾಮ್ ಇನ್ನೂ ಬಂದಿಲ್ಲಂತವಾ” ಎಂದೆ. ಆಕೆ ಬೋರ್ಡಿನ ಧೂಳು ಒರೆಸಲು ಕೂತವಳು ಒಮ್ಮೆಲೇ ಸಂದಿಯ ಮೇಲೆ ಬಗ್ಗಿದಳು.

“ಅಪ್ಪಾ, ಇದು ಸೀಳೇತಿ. ನೀ ಏನರ ಮುಟ್ಟಿದ್ಯೇನು?”

“ನಾ ಯಾಕ ಮುಟ್ಲಿ? ಡಬ್ಬಿಯೊಳಗ ಹಂಗ ಇತ್ತೇನೋ.”

ಇಪ್ಪತ್ತಾರು ವರ್ಷ ಕೇಳಿ ಕೇಳಿ ಬಾಯಿಪಾಠವಾಗಿದ್ದ ಮಾತು. ತಡವರಿಸದೆ ಬಂತು. ಆಕೆ ನನ್ನನ್ನು ಅನುಮಾನಿಸಲಿಲ್ಲ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ನಾ ಸರಿಯಾಗಿ ನೋಡ್ಲಿಲ್ಲ ಹಂಗಾರ. ಆರು ತಿಂಗಳು ಆರಿಸಿ, ಒಡದದ್ದು ತಂದೀನಿ ನೋಡು,” ಎಂದಳು. ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು, ಆದರೂ ಉಂಡು ಮಲಗಿದೆ.

ಮರುದಿನ ಇಬ್ಬರೂ ಲಿಂಗಸುಗೂರಿಗೆ ಹೋದೆವು. ಶಕೀಲ್ ಬೋರ್ಡನ್ನು ದೀಪದ ಕೆಳಗೆ ತಿರುಗಿಸಿ ನೋಡಿದ.

“ಸ್ವಾಮೇರ, ಇದು ಬಲ ಬಿದ್ದು ಸೀಳಿದ್ದು. ಡಬ್ಬಿಯೊಳಗ ಹಿಂಗ ಬರಂಗಿಲ್ಲ. ವಾಪಸ್ ತಗೊಳ್ಳಾಕ ಆಗಲ್ರಿ.”

ಅಶ್ವಿನಿಯ ಮುಖ ಕೆಂಪಾಯಿತು. “ಬಲ ಯಾರು ಹಾಕ್ಯಾರ್ರಿ? ರ‍್ಯಾಮ್ ಇನ್ನೂ ನಮ್ಮ ಕೈಗೇ ಬಂದಿಲ್ಲ!”

“ರ‍್ಯಾಮ್ ಬಂದು ನಾಕು ದಿನ ಆತಲ್ಲವಾ. ಇಲ್ಲೇ ಅದಾವ.”

“ನೀವು ಏನರ ಹೇಳ್ರಿ, ಬಂದಿಲ್ಲಂತ ಅಪ್ಪನ ಹೇಳ್ಯಾರ. ನಮ್ಮಪ್ಪ ಇಪ್ಪತ್ತಾರು ವರ್ಷ ಇದೇ ಧಂದೆ ಮಾಡ್ಯಾರ. ಒಡದ ಮಾಲು ತಂದು ಸುಳ್ಳು ಹೇಳೋ ಮಂದೀನ್ನ ಅಂಗಡಿ ಮೆಟ್ಟಲಾ ಹತ್ತಗೊಡಂಗಿಲ್ಲ. ಅವರು ಸುಳ್ಳು ಹೇಳ್ತಾರೇನು?”

ಅಂಗಡಿಯಲ್ಲಿ ಇನ್ನೂ ಮೂರು ಜನರಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ಶಕೀಲ್ ಒಳ್ಳೆಯವನು, ನನ್ನ ಮುಖ ನೋಡಿದವನೇ ಎಲ್ಲ ತಿಳಿದು ತಲೆ ತಗ್ಗಿಸಿದ. “ಹೋಗ್ಲಿ ಬಿಡವಾ, ನೋಡೂಣು” ಎಂದು ಬೋರ್ಡನ್ನು ಒಳಗಿಡಲು ಹೋದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದೆ.

“ಇಡಬ್ಯಾಡ ಶಕೀಲ್,” ಎಂದೆ. “ನಾನ ಬಡದೀನಿ. ಬ್ಯಾರೆ ರ‍್ಯಾಮ್ ತಂದು, ಸ್ಕ್ರೂಡ್ರೈವರ್ಲೆ ಬಡದು ಕೂಡ್ಸಾಕ ಹೋಗಿದ್ದೆ. ಆಕಿಗೆ ಗೊತ್ತಿಲ್ಲ.”

ಅಶ್ವಿನಿ ಶಕೀಲನಿಗೆ, “ತಪ್ಪಾತ್ರಿ, ಸಿಟ್ಟಾಗಬ್ಯಾಡ್ರಿ” ಎಂದು ಕೈ ಮುಗಿದಳು. ನನ್ನ ತಪ್ಪಿಗೆ ಆಕೆ ಕೈ ಮುಗಿದದ್ದನ್ನು ನೋಡಿ ನಾನು ಹೊಸ ಬೋರ್ಡಿನ ರೊಕ್ಕ ಎಣಿಸಿ ಮೇಜಿನ ಮೇಲಿಟ್ಟೆ. ಹೊಸ ಬೋರ್ಡನ್ನೂ ಚೀಟಿಯಲ್ಲಿದ್ದ ರ‍್ಯಾಮನ್ನೂ ಆಕೆಯೇ ಆರಿಸಿದಳು. ಪ್ರತಿಯೊಂದನ್ನೂ ಡಬ್ಬಿ ಬಿಚ್ಚಿಸಿ, ನನ್ನ ಕಣ್ಣೆದುರು ಹಿಡಿದು ತೋರಿಸಿದಳು.

ಬಸ್ಸು ಮಸ್ಕಿ ದಾಟಿತು.

“ಬೋರ್ಡಿನ ರೊಕ್ಕ ನಾ ಕೊಟ್ಟೀನಲ್ಲವಾ,” ಎಂದೆ. ಅಂಥ ಮಾತು ಆಗ ಆಡಬಾರದಿತ್ತು.

“ರೊಕ್ಕದ್ದಲ್ಲಪ್ಪಾ. ನಿನ್ನಿಂದ ನಾ ನನ್ನ ಕಣ್ಣು ನಂಬಲಿಲ್ಲ,” ಎಂದು ಕಿಟಕಿಯ ಕಡೆ ತಿರುಗಿದಳು. ದಾರಿಯುದ್ದಕ್ಕೂ ಭತ್ತ ಕೊಯ್ಯುವ ಮಷಿನ್ನುಗಳು ಓಡಾಡುತ್ತಿದ್ದವು. ನಾನು ಅವನ್ನೇ ನೋಡುತ್ತ ಕೂತೆ.

ಮನೆಗೆ ಹೋಗುವ ಮೊದಲು ಅಂಗಡಿಯ ಬೀಗ ತೆಗೆದು, ಖಾನೆಯಲ್ಲಿ ಬಚ್ಚಿಟ್ಟಿದ್ದ ಪಟ್ಟಿಗಳನ್ನು ತೆಗೆದುಕೊಂಡೆ. ಮನೆಯಲ್ಲಿ ಅವನ್ನು ಆಕೆಯ ಮುಂದಿಟ್ಟು, ಬಿಲ್ಲಿನ ಕಂಪ್ಯೂಟರಿನ ಹಳೇ ಪಟ್ಟಿ ಒಯ್ದು ತೋರಿಸಿದ್ದನ್ನೂ ಹೇಳಿದೆ. ಆಕೆ ಅವುಗಳಲ್ಲೊಂದನ್ನು ಚೀಟಿಯ ಪ್ರಕಾರ ತಂದದ್ದರ ಪಕ್ಕ ಇಟ್ಟಳು. ಕೆಳಗಿನ ಅಂಚಿನಲ್ಲಿ ಎರಡಕ್ಕೂ ಒಂದೊಂದು ಕಚ್ಚು ಇತ್ತು. ಎರಡರ ಜಾಗ ಬೇರೆ ಬೇರೆ. ಇಪ್ಪತ್ತಾರು ವರ್ಷ ತಿರುಪಿನ ಎಳೆ ನೋಡಿ ನಟ್ಟು ಗುರುತಿಸಿದ ನನ್ನ ಕಣ್ಣಿಗೆ ಅಷ್ಟು ಕಂಡಿರಲಿಲ್ಲ.

“ಹಳೇದು ಒಯ್ದು ತೋರ್ಸಿದ್ಯಲ್ಲಪ್ಪಾ,” ಎಂದಳು ಮೆಲ್ಲಗೆ. “ಇದಕ್ಕ ಹಳೇದು ಎಲ್ಲಿ ಐತಿ? ಇದು ನಂದು ಮೊದಲನೇದು.”

ಆಕೆ ಒಂದು ಪಟ್ಟಿಯನ್ನು ಕಚ್ಚು ನೋಡಿ ಕೂಡಿಸಿದಳು. ಇನ್ನೊಂದನ್ನು ನನ್ನ ಅಂಗೈಯಲ್ಲಿಟ್ಟಳು.

“ನೀನ ಕೂಡ್ಸವಾ,” ಎಂದೆ.

“ಇಲ್ಲ, ನೀ ಕೂಡ್ಸು. ನಾ ನೋಡ್ತೀನಿ.”

ಕಚ್ಚು ನೋಡಿದೆ. ಮತ್ತೊಮ್ಮೆ ನೋಡಿದೆ. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದೆ, ಟಕ್ಕೆಂದು ಕೂತಿತು. ಅಶ್ವಿನಿ ಬಗ್ಗಿ, ಬೆರಳಿನಿಂದ ಅದನ್ನು ಅಲ್ಲಾಡಿಸಿ ನೋಡಿದಳು. ನಾನು ಮಾಡಿದ ಕೆಲಸವನ್ನು ಆಕೆ ಪರೀಕ್ಷೆ ಮಾಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಆಕೆಗೆ ಸರಿಯಾಗಿ ಕಾಣಲೆಂದು ನಾನು ಕೈ ತೆಗೆದು ಪಕ್ಕಕ್ಕೆ ಸರಿದು ಕೂತೆ.