ಕ್ರೇಟಿನ ಮೇಲಿನ ಹೆಸರು ನಂಬಬೇಡಿ

"ಅಕ್ಕಾ, ನಮ್ಮ ಸಂಘದಿಂದನ ವೈರಸ್ ಹೋಗಾಕತ್ತೈತಂತ!"

ಇರ್ಫಾನಾ ಬಾಗಿಲಲ್ಲೇ ನಿಂತು ಹೀಗೆಂದಾಗ ಮಹೇಶ್ವರಿ ಕೈಯಲ್ಲಿದ್ದ ಚಹಾ ಕೆಳಗಿಟ್ಟಳು. ಮಹೇಶ್ವರಿ ಕುಷ್ಟಗಿಯ ದಾಳಿಂಬೆ ಬೆಳೆಗಾರರ ಸಂಘದ ಕಚೇರಿ ನೋಡಿಕೊಳ್ಳುವವಳು. ಸಂಘದ ಮೇಲ್ ಸರ್ವರ್, ಅಂದರೆ ಇ-ಮೇಲ್‌ಗಳನ್ನು ಬರಮಾಡಿಕೊಂಡು ಕಳಿಸುವ ಕಂಪ್ಯೂಟರ್, ಇರ್ಫಾನಾಳ ಉಸ್ತುವಾರಿಗೆ ಬಂದದ್ದು ಮೊನ್ನೆ ಮೊನ್ನೆ.

"ಯಾರಂದ್ರು?"

"ಹೊಸಪೇಟೆ ಶಾಹೀದ ಸೇಟ್ ಆಫೀಸಿನವರು. ನಮ್ಮ ಮೇಲ್ ಎಲ್ಲಾ ಬಂದ್ ಮಾಡ್ಯಾರ. ನಮ್ಮ ರೇಟಿನ ಪತ್ರ ಅವ್ರಿಗೆ ಮುಟ್ಟೇ ಇಲ್ಲ."

ತೋಟದಲ್ಲಿ ಹಣ್ಣು ಕೆಂಪಾಗಿ ನಿಂತಿದೆ. ಹಣ್ಣು ಕೊಳ್ಳುವ ಸೇಟ್‌ನ ಲಾರಿ ಬರದಿದ್ದರೆ ಗಿಡದಲ್ಲೇ ಬಿರಿಯುತ್ತದೆ.

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಧ್ಯಕ್ಷ ದೇವೇಂದ್ರಪ್ಪ ಸಿಡುಕಿದರು. "ವೈರಸ್ ಕಳಸಾಕ ನಮಗೇನ ಹುಚ್ಚು ಹಿಡದೈತೇನು?"

"ಕಳಸಿಲ್ಲ ಕಾಕಾ, ವಾಪಸ್ ಕಳಸೇವಿ," ಎಂದಳು ಇರ್ಫಾನಾ. "ವೈರಸ್ ಇರೋ ಮೇಲ್ ಬಂದ್ರ 'ನಿಮ್ಮ ಪತ್ರದಾಗ ವೈರಸ್ ಐತಿ' ಅಂತ ನಮ್ಮ ಸರ್ವರ್ ತಾನ ಉತ್ತರ ಬರೀತೈತಿ. ಜೋಡಿ ಆ ವೈರಸ್ಸೂ ಕಟ್ಟಿ ಕಳಸ್ತೈತಿ. ಹಂಗ ಯಾರು ಮಾಡಿಸ್ಯಾರ?"

"ನಾನ! ಬಂದ ಕಾಗದಕ್ಕ ಉತ್ತರ ಬರೀಬೇಕು. ನಮ್ಮಪ್ಪನ ಕಾಲದಿಂದ ಇದು ಸಂಘದ ರಿವಾಜು. ಕಳ್ಳಗಾದ್ರೂ ನೀ ಕಳ್ಳ ಅದೀ ಅಂತ ತಿಳಸಬೇಕಲ್ಲ?"

"ಕಳ್ಳಗ ಮುಟ್ಟಿದ್ರ ಛಲೋ ಇತ್ತು. ವೈರಸ್ ಕಳಸಾವ ತನ್ನ ಹೆಸರು ಹಾಕ್ತಾನೇನು? ಮಂದಿ ಹೆಸರು ಹಾಕ್ತಾನ. ಈ ಸಲ ಸೇಟ್ ಹೆಸರು ಹಾಕ್ಯಾನ. ನಾವು ಅವ್ರಿಗೆ ಬೈದು ಬೈದು ಉತ್ತರ ಕಳಸೇವಿ."

"ಹೆಸರು ಇದ್ದ ಮ್ಯಾಲ ಅವರದ ಅಲ್ಲೇನವಾ?"

ಮಹೇಶ್ವರಿ ಪಡಸಾಲೆಯಲ್ಲಿ ಒಟ್ಟಿದ್ದ ಹಣ್ಣಿನ ಕ್ರೇಟ್‌ಗಳತ್ತ ಕೈ ತೋರಿಸಿದಳು. "ಕಾಕಾ, ಅದರ ಮ್ಯಾಲ ಯಾರ ಹೆಸರೈತಿ?"

"ತಾವರಗೇರಾ ನೂರಸಾಬಂದು."

"ಒಳಗಿನ ಹಣ್ಣು?"

"ಯಮನೂರಮ್ಮಂದು. ಕ್ರೇಟ್ ಊರೂರು ತಿರಗತಾವ, ಯಾರದರಾಗ ಯಾರೋ ತುಂಬ್ತಾರ…" ದೇವೇಂದ್ರಪ್ಪ ಕ್ರೇಟಿನ ಹೆಸರನ್ನು ಮತ್ತೊಮ್ಮೆ ಓದಿದರು.

"ಹಣ್ಣು ಕೊಳತಿದ್ರ ನೂರಸಾಬಗ ಬೈತೀರೇನು?"

"ಬೈದ್ರ ಆ ಪುಣ್ಯಾತ್ಮ ನನ್ನ ಸುಮ್ಮ ಬಿಡ್ತಾನ?"

"ಸೇಟೂ ಹಂಗ. ಬಿಟ್ಟಿಲ್ಲ."

ದೇವೇಂದ್ರಪ್ಪ ಹೊರಗೆ ಹೋಗಿ ಎಲೆ ಉಗುಳಿ ಬಂದರು. "ಮತ್ತ ಏನ ಮಾಡಬೇಕಂತೀರಿ?"

"ನೀವು ಗೇಟಿನ್ಯಾಗ ಮಾಡೂದನ್ನ," ಎಂದಳು ಇರ್ಫಾನಾ. "ಟೆಂಪೋ ನಿಂತಿರುವಾಗ ಹಣ್ಣು ನೋಡ್ತೀರಿ. ಕೊಳತಿದ್ರ ಇಳಿಸ್ಕೊಳ್ಳಂಗಿಲ್ಲ, ತಂದಾವನ ಒಯ್ತಾನ. ಸರ್ವರ್ ಸೈತ ಹಂಗ, ಮೇಲ್ ತಂದ ಸರ್ವರ್ ಇನ್ನೂ ಲೈನಿನ್ಯಾಗ ಇರುವಾಗ ಪರೀಕ್ಷಿ ಮಾಡಿ 'ವೈರಸ್ ಐತಿ, ತಗೊಳ್ಳಂಗಿಲ್ಲ' ಅನಬೇಕು. ತಗೊಂಡ ಮ್ಯಾಲ ಗೊತ್ತಾತು ಅನ್ರಿ, ಬ್ಯಾರೆ ಎತ್ತಿಟ್ಟು ನಮ್ಮವರಿಗಷ್ಟ ತಿಳಸೂದು. ಪತ್ರದ ಮ್ಯಾಲ ಹೆಸರಿದ್ದವ್ರಿಗೆ ಉತ್ತರ ಬ್ಯಾಡ."

"ಅಂದ್ರ ಕಳ್ಳನ್ನ ಹಂಗ ಬಿಡೂದು?"

"ಯಾಕ ಬಿಡೂದು? ಹೆಸರು ಸುಳ್ಳಾದ್ರೂ ಟೆಂಪೋ ನಂಬರ್ ಕಾಣತೈತಲ್ಲ? ಹಂಗ ಯಾವ ಕಂಪ್ಯೂಟರ್ ಆ ಮೇಲ್ ತಂದುಕೊಟ್ತು ಅನ್ನೂ ನಂಬರ್ ನಮ್ಮ ಸರ್ವರಿನ್ಯಾಗ ಉಳಿದಿರ್ತೈತಿ. ಆ ನಂಬರ್ ಯಾವ ಇಂಟರ್‌ನೆಟ್ ಕಂಪನೀದೋ ಅವರ ದೂರಿನ ವಿಳಾಸಕ್ಕ ನಂಬರ್, ತಾರೀಖು, ಟೈಮ್ ಬರದು ಕಳಸೂದು. ವೈರಸ್ ಫೈಲ್ ಮಾತ್ರ ಜೋಡಿಸಬಾರದು."

"ಹಂಗಂದ್ರ ಕಾಗದ ಬರೀಬೇಕು, ಆದ್ರ ಸರಿಯಾದವ್ರಿಗೆ."

"ಅಷ್ಟ ಕಾಕಾ."

"ಮೊದಲ ಹಿಂಗ ಅನಬಾರದ? ಮಾಡು, ಮಾಡು!"

ಊಟದ ಹೊತ್ತಿನೊಳಗೆ ಇರ್ಫಾನಾ ಆ ವಾಪಸ್ ಉತ್ತರಗಳನ್ನು ನಿಲ್ಲಿಸಿ, ಬಾಗಿಲಲ್ಲೇ ಪರೀಕ್ಷೆ ಮಾಡುವಂತೆ ಸರ್ವರ್‌ನ ಸೆಟ್ಟಿಂಗ್ ಬದಲಿಸಿದಳು. ಮಹೇಶ್ವರಿ ಸೇಟ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಕಡೆಯಿಂದ ನಗು ಕೇಳಿಸಿತು.

"ನಮ್ಮ ಸರ್ವರ್ ಸೈತ ಹಂಗ ಉತ್ತರ ಬರೀತೈತೇನೋ, ಯಾರಿಗ್ಗೊತ್ತು! ನಾಳೆ ಮುಂಜಾನೆ ಬರ್ತೀನಿ. ಹಣ್ಣು ನೋಡ್ತೀನಿ, ಆ ಹುಡುಗಿ ಮಾಡಿದ್ದೂ ನೋಡ್ತೀನಿ. ಅಧ್ಯಕ್ಷರು ಇರ್ಲಿ."

"ಇರ್ತೀನಂತ ಹೇಳವಾ," ಎಂದು ದೇವೇಂದ್ರಪ್ಪ ಮೂಲೆಯಿಂದಲೇ ಕೂಗಿದರು.

ನಿಮ್ಮ ಸಂಘಕ್ಕೆ, ಕಾಲೇಜಿಗೆ, ಅಂಗಡಿಗೆ ಸ್ವಂತ ಮೇಲ್ ಸರ್ವರ್ ಇದೆಯೇ? ಅದನ್ನು ನೋಡಿಕೊಳ್ಳುವವರಿಗೆ ಇವತ್ತೇ ಫೋನ್ ಮಾಡಿ, "ವೈರಸ್ ಮೇಲ್ ಬಂದರೆ ನಮ್ಮ ಸರ್ವರ್ ಯಾರಿಗೆ ಉತ್ತರ ಬರೆಯುತ್ತಿದೆ?" ಎಂದು ಕೇಳಿ. ಉತ್ತರ ಗೊತ್ತಿಲ್ಲ ಎಂದರೆ, ನಾಳೆ ಮುಂಜಾನೆಯೇ ಅವರೊಂದಿಗೆ ಕುಳಿತು ನೋಡಿ.