ಬೆಸುಗೆ ಬಿಟ್ಟ ಹಂಡೆ

ಯುದ್ಧ ಮುಗಿದ ಮರುವರ್ಷ ನಾನು ಬ್ರಿನ್ಯುಲ್ವ್ ಮಾವನ ಮನೆಗೆ ಸೊಸೆಯಾಗಿ ಬಂದೆ. ಕ್ರಿಸ್‌ಮಸ್ ಬಿಯರ್ ಕಾಯಿಸಲು ಅಲ್ಲೊಂದು ತಾಮ್ರದ ಹಂಡೆಯಿತ್ತು, ಮೂರು ತಲೆಮಾರಿನದು. ಹಬ್ಬಕ್ಕೆ ಮನೆಯ ಬಿಯರ್ ಇಲ್ಲವೆಂದರೆ ಆ ಮನೆಯಲ್ಲಿ ಕೈಲಾಗುವ ಹೆಂಗಸೇ ಇಲ್ಲ ಎಂದು ನಮ್ಮ ಕಣಿವೆಯವರು ಆಡಿಕೊಳ್ಳುತ್ತಿದ್ದರು.

ಎರಡನೆಯ ವರ್ಷ ಹಂಡೆಯ ತಳದ ಕೂಡಿಕೆ ಸೋರತೊಡಗಿತು. ಮಾವ ಆಂತೋನ್‌ಗೆ ಹೇಳಿ ಕಳಿಸಿದರು. ಊರೂರು ಅಲೆದು ಪಾತ್ರೆ ರಿಪೇರಿ ಮಾಡುವವನು. ಆ ಚಳಿಗಾಲಕ್ಕೆ ಹೆಂಡತಿ ಲೋವಿಸಾ, ಐದು ವರ್ಷದ ಮಗಳು ಯೂಲಿಯಾ ಜೊತೆ ಸರೋವರದ ದಡದಲ್ಲಿ ಪಕ್ಕದ ಮನೆಯವರ ದೋಣಿ ಕೊಟ್ಟಿಗೆಯಲ್ಲಿ ತಂಗಿದ್ದ. ಅಂಥವರನ್ನು ಯಾರೂ ಮನೆಯೊಳಗೆ ಕೂರಿಸುತ್ತಿರಲಿಲ್ಲ. ಅಂಗಳದಲ್ಲೇ ಕೂತು ಹಳೆಯ ಬೆಸುಗೆ ಕೆರೆದ, ತಾಮ್ರದ ಕಿಲುಬು ಹೋಗಲು ನವಸಾಗರದ ಉಪ್ಪು ಉಜ್ಜಿದ, ರಿವೆಟ್ಟುಗಳನ್ನು ಬಡಿದು ಬಿಗಿ ಮಾಡಿದ, ತವರ ಕರಗಿಸಿ ಸಂದಿಯುದ್ದಕ್ಕೂ ಹರಿಸಿದ. ಆಮೇಲೆ ಹಂಡೆ ತುಂಬ ನೀರು ಹೊಯ್ದು, ಕೆಳಗೆ ಒಂದು ಹಿಡಿ ಹಿಟ್ಟು ಚೆಲ್ಲಿದ. ಮರುದಿನ ನೋಡಿದರೆ ಹಿಟ್ಟು ಬೂದಿಯಂತೆ ಒಣಗಿಯೇ ಇತ್ತು, ಒಂದು ಹನಿಯೂ ಸೋರಿರಲಿಲ್ಲ.

"ಪರವಾಗಿಲ್ವೇ, ನಿನ್ನ ಕೈ ಕದಿಯೋಕೆ ಮಾತ್ರ ಅಂದ್ಕೊಂಡಿದ್ದೆ," ಎಂದರು ಮಾವ.

"ಹಂಡೆ ಕದ್ರೆ ಹೊರೋರ್ಯಾರು ಯಜಮಾನ್ರೇ, ನನ್ನ ಕುದುರೆಗೂ ವಯಸ್ಸಾಯ್ತು," ಎಂದು ಆಂತೋನ್ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ತಾಯೀ, ಒಳಗೆ ನೀರಿರೋವರೆಗೂ ಈ ಬೆಸುಗೆ ಅಲ್ಲಾಡಲ್ಲ. ಒಣ ಹಂಡೆಗೆ ಮಾತ್ರ ಬೆಂಕಿ ಕೊಡಬೇಡಿ. ತವರ ತಡೆಯಲ್ಲ."

ಡಿಸೆಂಬರಿನಲ್ಲಿ, ಬಿಯರ್ ಕಾಯಿಸುವ ಹಿಂದಿನ ದಿನ, ಗಂಡಸರು ಸೌದೆಗೆಂದು ಕಾಡಿಗೆ ಹೋಗಿದ್ದರು. ಹಂಡೆ ತೊಳೆಯಲೆಂದು ನಾಲ್ಕು ಚೊಂಬು ನೀರು ಹಾಕಿ ಒಲೆ ಹೊತ್ತಿಸಿದೆ. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಹಸು ನರಳಿತು. ಕರು ಅಡ್ಡಬಂದಿತ್ತು. ಅದನ್ನು ಹೊರಗೆಳೆದು ಉಸಿರಾಡಿಸುವಷ್ಟರಲ್ಲಿ ಒಲೆ ಮರೆತೇಹೋಗಿತ್ತು. ಓಡಿ ಬಂದಾಗ ಹಂಡೆ ಬಣಬಣ ಒಣಗಿ, ಬೂದಿಯಲ್ಲಿ ತವರದ ಹನಿಗಳು ಮಿನುಗುತ್ತಿದ್ದವು. ಮಾವನ ನಾಲಿಗೆ ಎಂಥದೆಂದು ನನಗೆ ಗೊತ್ತಿತ್ತು. ಬೂದಿಯನ್ನು ಬಾಚಿ ಹಿಮದಲ್ಲಿ ಸುರಿದೆ. ಕೂಡಿಕೆ ಹೇಗಾದರೂ ಹಿಡಿದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಹಿಡಿಯಲಿಲ್ಲ. ಮರುದಿನ ಬಾರ್ಲಿಯ ರಸ ಕುದಿ ಬರುವ ಮೊದಲೇ ತಳದಿಂದ ಸುರಿದು ಬೆಂಕಿಯನ್ನೇ ಆರಿಸಿತು. ಇಡೀ ವರ್ಷದ ಬಾರ್ಲಿ ಒಲೆಯ ಪಾಲಾಯಿತು.

ಮಾವ ಆಂತೋನ್‌ನನ್ನು ಕರೆಸಿದರು. ಅವನು ಹಂಡೆ ಮಗುಚಿ ಕೂಡಿಕೆಯ ಮೇಲೆ ಬೆರಳಾಡಿಸಿದ.

"ಇದು ಒಣಗಿ ಬೆಂದಿದೆ, ಯಜಮಾನ್ರೇ. ಯಾರೋ ನೀರಿಲ್ದೆ ಬೆಂಕಿ ಹಾಕಿದಾರೆ."

"ಗುದ್ವೇಗ್, ಹೌದೇನೇ?" ಮಾವ ನನ್ನನ್ನು ನೋಡಿದರು. ಗಂಡ ಟೋರ್ಸ್ಟೈನ್ ನೋಡಿದ. ಆಂತೋನ್ ಕೂಡ ನೋಡಿದ.

"ಇಲ್ಲ ಮಾವ. ನೀರಿತ್ತು," ಎಂದೆ.

"ಕೇಳಿದ್ಯೇನೋ? ನಮ್ಮನೆ ಸೊಸೆ ಸುಳ್ಳು ಹೇಳ್ತಾಳಾ, ಅಲೆಮಾರಿ ನನ್ಮಗನೇ?"

"ಪುಕ್ಕಟೆ ಮತ್ತೆ ಹಾಕಿಕೊಡ್ತೀನಿ..."

"ಮುಟ್ಟಿದ್ರೆ ಕೈ ಮುರೀತೀನಿ!"

ಸಾಮಾನಿನ ಚೀಲ ಹೆಗಲಿಗೇರಿಸುತ್ತ ಅವನು ಮತ್ತೊಮ್ಮೆ ನನ್ನತ್ತ ನೋಡಿದ. "ಹೇಳಿಬಿಡಿ ತಾಯೀ, ನಿಮ್ಮನ್ನ ಬೈದು ಸುಮ್ಮನಾಗ್ತಾರೆ. ನಮ್ಮನ್ನ ಹಾಗೆ ಬಿಡಲ್ಲ," ಎಂದ. ನಾನು ಬಕೆಟ್ ಎತ್ತಿಕೊಂಡು ಒಳಗೆ ಹೋದೆ.

ಎರಡೇ ದಿನದಲ್ಲಿ ಆಂತೋನ್ ಮೋಸದ ಬೆಸುಗೆ ಹಾಕಿದನೆಂಬ ಸುದ್ದಿ ಕಣಿವೆಯ ಎಲ್ಲ ಮನೆಗೂ ಮುಟ್ಟಿತು. ಪಕ್ಕದವರು ದೋಣಿ ಕೊಟ್ಟಿಗೆಗೆ ಬೀಗ ಹಾಕಿದರು. ಹಬ್ಬಕ್ಕೆ ಆರು ದಿನ ಇರುವಾಗ ಆಂತೋನ್‌ನವರು ಮುದಿ ಕುದುರೆಯ ಜೊತೆ ತಾವೂ ಹಿಮದಲ್ಲಿ ಗಾಡಿ ಎಳೆಯುತ್ತ ಗುಡ್ಡ ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಲೋವಿಸಾ ಮಗುವನ್ನು ತನ್ನ ಶಾಲಿನಲ್ಲಿ ಸುತ್ತಿಕೊಂಡಿದ್ದಳು.

ವಸಂತದಲ್ಲಿ ಅಂಚೆಯವನು ಹೇಳಿದ: ಗುಡ್ಡದಾಚೆ ಅವರಿಗೆ ಯಾರೂ ಜಾಗ ಕೊಡಲಿಲ್ಲವಂತೆ. ತಲೆಯ ಮೇಲೆ ಸೂರಿಲ್ಲವೆಂದು ಅಧಿಕಾರಿಗಳು ಬಂದು ಯೂಲಿಯಾಳನ್ನು ಅನಾಥಾಲಯಕ್ಕೆ ಸೇರಿಸಿದರಂತೆ. ತಾಯಿ ತಂದೆ ಇಬ್ಬರೂ ಇದ್ದ ಮಗು.

ಅವರು ಮತ್ತೆ ಈ ಕಡೆ ಬರಲಿಲ್ಲ. ಕೂಡಿಕೆ ಬಿಟ್ಟ ಹಂಡೆಗಳಿಗೆ ಕಣಿವೆಯ ಹೆಂಗಸರು ರೈ ಧಾನ್ಯದ ಹಿಟ್ಟಿನ ಕಣಕ ಮೆತ್ತಿ, ಹಲ್ಲು ಕಚ್ಚಿಕೊಂಡು ಬಿಯರ್ ಕಾಯಿಸಿದರು.

ಅದಾಗಿ ಹನ್ನೊಂದು ವರ್ಷಕ್ಕೆ, ಮಾವ ತೀರಿಕೊಂಡ ಮೇಲೆ, ಊಟದ ಮೇಜಿನಲ್ಲಿ ಟೋರ್ಸ್ಟೈನ್‌ಗೆ ಎಲ್ಲ ಹೇಳಿದೆ. ಆ ಮಗುವನ್ನು ಹುಡುಕೋಣ, ಯಾರಿಗಾದರೂ ಕಾಗದ ಬರೆಯೋಣ ಎಂದೆ. ಅವನು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಏನಂತ ಬರೀತೀಯ? ಅಪ್ಪನ ಹೆಸರು ಬೀದಿಗೆ ತರ್ತೀಯಾ?" ಎಂದ. "ಇದಲ್ದಿದ್ರೆ ಇನ್ನೊಂದಕ್ಕೆ ಅವ್ರನ್ನ ಓಡಿಸ್ತಿದ್ರು. ಬಿಟ್ಬಿಡು."

ನಾನು ಬರೆಯಲಿಲ್ಲ. ಅವನು ಬೇಡವೆಂದದ್ದಕ್ಕೆ ಬರೆಯಲಿಲ್ಲ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಅವನು ಸತ್ತು ಒಂಬತ್ತು ವರ್ಷವಾಯಿತು. ಈಗಲೂ ಬರೆದಿಲ್ಲ.